ಕ್ಯಾಸೆಟ್ಟಿನ ನೆತ್ತಿಗೆ ಟಿಕಲಿ

ಈ ಸಂಗತಿ ಹೇಳಬೇಕೆಂದು ನಾನು ಪ್ರತಿ ನಾಗರಪಂಚಮಿಗೂ ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ತಟ್ಟೆಗೆ ಉಂಡಿ ಬೀಳುತ್ತದೆ. ಬಾಯಿ ತುಂಬಿಕೊಂಡು ತಪ್ಪೊಪ್ಪಿಕೊಳ್ಳುವುದು ಸಭ್ಯತೆಯಲ್ಲ ಎಂದು ಮುಂದಿನ ವರ್ಷಕ್ಕೆ ಹಾಕುತ್ತೇನೆ. ಹಾಗೆ ಹಾಕುತ್ತ ಹಾಕುತ್ತ ಹಲ್ಲು ಹೋದವು. ಈಗ ಉಂಡಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಾರೆ. ಮಾತು ಮಾತ್ರ ನೆನೆಯದೆ ಗಟ್ಟಿಯಾಗಿ ಕೂತಿದೆ. ಇನ್ನೂ ಮುಂದಕ್ಕೆ ಹಾಕುತ್ತಿದ್ದೆನೋ ಏನೋ, ಆದರೆ ಕಳೆದ ರವಿವಾರ ಒಂದು ಹಳೆಯ ಕ್ಯಾಸೆಟ್ಟು ಕೈಗೆ ಬಂತು. ಅದರ ನೆತ್ತಿಗೆ ಕೆಂಪು ಟಿಕಲಿ ಇತ್ತು. ಹೆಣ್ಣುಮಕ್ಕಳು ಹಣೆಗೆ ಅಂಟಿಸಿಕೊಳ್ಳುವಂಥದು.

ಕ್ಯಾಸೆಟ್ಟು ನನ್ನ ಕೈಗೆ ಬರುವುದರಲ್ಲಿ ವಿಶೇಷವಿಲ್ಲ. ನನ್ನ ಹೆಂಡತಿಯ ತಮ್ಮ ವಿಠ್ಠಲ ಪುಣೆಯ ಹತ್ತಿರ ಭೋಸರಿಯಲ್ಲಿ ಸ್ವಂತದ್ದೊಂದು ಲೇಥ್ ಶೆಡ್ ಇಟ್ಟಿದ್ದಾನೆ. ವಾರವೆಲ್ಲ ಕಬ್ಬಿಣ ಕೊರೆಯುತ್ತಾನೆ, ರವಿವಾರ ಹಳೆಯ ರ‍್ಯಾಪ್ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುತ್ತಾನೆ. ಊರ ಮಂದಿ ಅಟ್ಟ ಸ್ವಚ್ಛ ಮಾಡುವಾಗ ಸಿಕ್ಕ ಪೆಟ್ಟಿಗೆಗಳನ್ನು ಅವನಿಗೆ ತಂದುಕೊಡುತ್ತಾರೆ. ರೇಡಿಯೋದಲ್ಲಿ ಎಂದೋ ಬಂದು ಹೋದ ಹಿಪ್‌ಹಾಪ್ ಕಾರ್ಯಕ್ರಮ, ಹಡಗಿನ ಕೆಲಸದವರು ತಂದ ಪರದೇಶದ ಟೇಪು, ಬೇರೆಲ್ಲೂ ಉಳಿಯದಂಥವು. ಅವಕ್ಕೆ ಬೂಸ್ಟು ಹಿಡಿದಿರುತ್ತದೆ. ನಾನು ಖಡಕಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು, ಕೈ ಸುಮ್ಮನಿರುವುದಿಲ್ಲ. ಸಣ್ಣ ಸ್ಕ್ರೂ ಬಿಚ್ಚಿ, ಬೂಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಟೇಪನ್ನು ಒತ್ತಿ ಹಿಡಿಯುವ ಬಟ್ಟೆಯ ಚೂರು ಉದುರಿದ್ದರೆ ಮತ್ತೆ ಅಂಟಿಸಿ, ತುಂಡಾದ ಟೇಪನ್ನು ಜೋಡಿಸಿ ಕೊಡುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ರವಿವಾರ ದವಾಖಾನೆಯ ವಾಸನೆ. 'ಮಾಮಾ, ನಿಮಗ ಈ ಹಾಡಿನ ಮ್ಯಾಲೆ ಇಷ್ಟು ಪ್ರೀತಿ ಯಾವಾಗ ಬಂತ್ರಿ?' ಎಂದು ವಿಠ್ಠಲ ಕೇಳುತ್ತಾನೆ. ನಾನು ಸ್ಪಿರಿಟ್ಟಿನ ಬಾಟಲಿ ಮೂಸಿ ನೋಡುತ್ತೇನೆ.

ಪ್ರೀತಿ ಎಲ್ಲಿಂದ ಬರಬೇಕು? ತೊಂಬತ್ತರ ದಶಕದಲ್ಲಿ ಅವನು ಇಂಡಿ ಕಡೆಯ ಹಳ್ಳಿಯಿಂದ ಬಂದು ಖಡಕಿಯ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇದ್ದಾಗ, ಆ ಸದ್ದು ಕೇಳಿದರೆ ನನಗೆ ಕಾರ್ಖಾನೆಯ ಪ್ರೆಸ್ ಕೆಟ್ಟಂತೆ ಅನಿಸುತ್ತಿತ್ತು. ಶನಿವಾರ ಸಂಜೆ ಶಾರ್ಟ್‌ವೇವಿನಲ್ಲಿ ಅದು ಬರುತ್ತಿತ್ತು. ಕಿಟಕಿಯಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಏರಿಯಲ್ ಕಟ್ಟಿದ್ದ. ಒಂದು ಶನಿವಾರ ಅವನ ಅಕ್ಕ, ಅಂದರೆ ನಮ್ಮ ಮನೆಯಾಕೆ, ಹಸಿ ಸೀರೆ ಹಾಕಿದ ಕೂಡಲೇ ಅಮೆರಿಕ ಸ್ವಚ್ಛವಾಗಿ ಕೇಳತೊಡಗಿತು. ಅಂದಿನಿಂದ ಶನಿವಾರ ಸಂಜೆ ಒಣಗಿದ ಸೀರೆಯನ್ನೂ ನೆನೆಸಿ ಹಾಕುವ ಪದ್ಧತಿ ಬಂತು. ಚಾಳಿನ ಹೆಂಗಸರು ಅವಳನ್ನು ಕೇಳುತ್ತಿದ್ದರು, ಎಷ್ಟು ಸಲ ಒಗೆಯುತ್ತೀ ಎಂದು. 'ನನ್ನ ತಮ್ಮಗ ಅಮೆರಿಕಾ ಕೇಳಬೇಕಲ್ಲವಾ' ಎನ್ನುತ್ತಿದ್ದಳು.

ಅವನ ಕ್ಯಾಸೆಟ್ಟುಗಳು ಪಂಚಮಿಯ ಉಂಡಿ ತುಂಬುವ ದೊಡ್ಡ ಡಬ್ಬಿಯಲ್ಲಿ ನುಸಿಗುಳಿಗೆಯ ಜೊತೆ ಇರುತ್ತಿದ್ದವು. ಉಂಡಿಗಳು ಪಾತ್ರೆಗೆ ಬಂದವು, ಅವಕ್ಕೂ ಸ್ವಲ್ಪ ನುಸಿಗುಳಿಗೆಯ ರುಚಿ ಹತ್ತಿತು. ಪ್ರತಿ ಕ್ಯಾಸೆಟ್ಟು ತುಂಬಿದ ಮೇಲೆ ಅವನು ಅದರ ಮೇಲಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚಿಪ್ಪನ್ನು ಸ್ಕ್ರೂಡ್ರೈವರಿನಿಂದ ಚಟ್ಟನೆ ಮುರಿಯುತ್ತಿದ್ದ. ಅದನ್ನು ಮುರಿದರೆ ಅಲ್ಲೊಂದು ಕಿಂಡಿ ಆಗುತ್ತದೆ, ಆಮೇಲೆ ಆ ಕ್ಯಾಸೆಟ್ಟಿನ ಮೇಲೆ ಬೇರೆಯದನ್ನು ರೆಕಾರ್ಡ್ ಮಾಡಲು ಬರುವುದಿಲ್ಲ. ಎಷ್ಟು ಒತ್ತಿದರೂ ಗುಂಡಿ ಒಳಗೆ ಹೋಗುವುದಿಲ್ಲ. 'ಇನ್ನ ಇದನ್ನ ಬ್ರಹ್ಮದೇವರು ಬಂದ್ರೂ ಅಳಸಾಕ ಬರಂಗಿಲ್ಲ' ಎನ್ನುತ್ತಿದ್ದ. ಬ್ರಹ್ಮದೇವರು ಫಿಟ್ಟರ್ ಅಲ್ಲ.

ಇಲ್ಲಿ ನಮ್ಮ ಕಡೆಯ ಒಡಪಿನ ಮಾತು ಹೇಳಬೇಕು. ಮದುವೆಯಾಗಿ ಬಂದ ಜೋಡಿಯನ್ನು ಬಾಗಿಲಲ್ಲಿ ಅಡ್ಡ ಹಾಕಿ, 'ಹೆಸರ ಹೇಳಿ ಒಳಗ ಬರ್ರಿ' ಎಂದು ಕಾಡುತ್ತಾರೆ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸ ಹಾಕಿದ ಎರಡು ಸಾಲಿನಲ್ಲಿ ಸೇರಿಸಿ ಹೇಳಬೇಕು. ಉಳಿದ ದಿನ ಹೆಸರು ಹಿಡಿದು ಕರೆಯುವುದು ನಮ್ಮ ಮನೆತನಗಳಲ್ಲಿ ಇಲ್ಲ. ನಮ್ಮ ಮದುವೆಯಲ್ಲಿ ಅವಳು ಪಟಕ್ಕನೆ ಒಡಪು ಹೇಳಿ ಒಳಗೆ ಹೋದಳು. ನಾನು ಕೆಮ್ಮತೊಡಗಿದೆ. ಕೆಮ್ಮು ಎಷ್ಟು ಚೆನ್ನಾಗಿ ಬಂತೆಂದರೆ, ಪಾಪ ಹುಡುಗನಿಗೆ ನೀರು ಕೊಡಿ ಎಂದು ಹಿರಿಯರೇ ಒಳಗೆ ಕರೆದುಕೊಂಡು ಹೋದರು. ನಾನು ಅವಳ ಹೆಸರು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. 'ಏ', 'ಕೇಳಿಲ್ಲಿ' ಅನ್ನುವ ಎರಡು ಮಾತಿನಲ್ಲಿ ಸಂಸಾರ ಸಾಗಿತು.

ವಿಠ್ಠಲ ಒಮ್ಮೆ ಅಕ್ಕನಿಗೆ ತಿಳಿಸಿ ಹೇಳುತ್ತಿದ್ದ: 'ಅಕ್ಕಾ, ಈ ರ‍್ಯಾಪಿನವರು ಮಾಡೂದು ಒಡಪನ ನೋಡು. ಎರಡು ಸಾಲು, ಕಡೀಗೆ ಪ್ರಾಸ, ನಡುವ ಒಂದು ಹೆಸರು.'

'ಮತ್ತ ಫರಕ್ ಏನೋ?'

'ನೀವು ಗಂಡನ ಹೆಸರ ಹೇಳ್ತೀರಿ. ಇವರು ತಮ್ಮ ಹೆಸರ ತಾವ ಹೇಳ್ಕೋತಾರ.'

'ಪಾಪ, ಲಗ್ನ ಆಗಿಲ್ಲೇನೋ ಅವರಿಗೆ' ಎಂದಳು.

ಆ ಮಾತಿನಿಂದಲೇ ಎಲ್ಲ ಶುರುವಾಯಿತು. ಪುಣೆಯ ರೇಡಿಯೋದಲ್ಲಿ ಯುವಕರ ಕಾರ್ಯಕ್ರಮಕ್ಕೆ ವಿಠ್ಠಲನಿಗೂ ಅವನ ಜೊತೆ ಲೇಥ್ ಮೇಲೆ ಕೆಲಸ ಮಾಡುವ ಇಬ್ಬರು ಮರಾಠಿ ಗೆಳೆಯರಿಗೂ ಕರೆ ಬಂತು. ಒಂದು ರವಿವಾರ ಮಧ್ಯಾಹ್ನ, ಅರ್ಧ ತಾಸು, ನೇರ ಪ್ರಸಾರ. ಅವರು ಮೂವರೂ ಮರಾಠಿ, ಹಿಂದಿ, ಕನ್ನಡ ಕಲೆಸಿ ರ‍್ಯಾಪ್ ಕಟ್ಟಿದರು. ಕೊನೆಗೆ ಅಕ್ಕನ ಒಡಪು. ಅವಳು ಪಂಚಮಿಯ ಸೀರೆ ಉಟ್ಟು ರೇಡಿಯೋ ಸ್ಟೇಶನ್ನಿಗೆ ಹೋದಳು. ಮನೆಯಲ್ಲಿ ರೆಕಾರ್ಡ್ ಗುಂಡಿ ಒತ್ತುವ ಜವಾಬ್ದಾರಿ ನನಗೆ ಬಂತು. ಎರಡು ಗುಂಡಿ ಕೂಡಿಸಿ ಒತ್ತುವುದನ್ನು ವಿಠ್ಠಲ ಹಿಂದಿನ ದಿನವೇ ಸಣ್ಣ ಮಕ್ಕಳಿಗೆ ಕಲಿಸಿದಂತೆ ಕಲಿಸಿದ್ದ.

ಚಾಳಿನವರೆಲ್ಲ ನಮ್ಮ ಕೋಣೆಯಲ್ಲಿ ಸೇರಿದ್ದರು. ಹುಡುಗರು ಬಡಬಡ ಅಂದರು, ಮಂದಿ ತಲೆ ಆಡಿಸಿದರು. ಕಡೆಗೆ ಅವಳ ದನಿ ಬಂತು:

'ಸಾಸವಡ ಸೀತಾಫಲ, ಒಳಗ ಭಾಳ ಬೀಜ...'

ಎರಡನೆಯ ಸಾಲಿನಲ್ಲಿ ನನ್ನ ಹೆಸರು ಹೇಳಿ, 'ರಾಯರು ಹೇಳಿದ್ದು ಅರ್ಧ ಸುಳ್ಳು, ಅರ್ಧ ನಿಜ' ಎಂದು ಮುಗಿಸಿದಳು.

ಕೋಣೆ ನಕ್ಕ ನಗೆಗೆ ಏರಿಯಲ್ ಅಲ್ಲಾಡಿತು. ಮರುದಿನ ಕಾರ್ಖಾನೆಯಲ್ಲಿ ನಮ್ಮ ಭಜನಾ ಮಂಡಳಿಯ ಢೋಲಕಿ ಭೀಮಣ್ಣ ಅದನ್ನು ಮರಾಠಿಗೆ ಅನುವಾದ ಮಾಡಿ ಹಂಚಿದ. ಕ್ಯಾಂಟೀನಿನಲ್ಲಿ ಅರ್ಧ ಕಪ್ಪು ಚಹಾ ಕೇಳಿದರೂ 'ಅರ್ಧ ಸುಳ್ಳೋ, ಅರ್ಧ ನಿಜವೋ?' ಎಂದು ಕೇಳತೊಡಗಿದರು. ಇತ್ತ ವಿಠ್ಠಲ ಆ ಕ್ಯಾಸೆಟ್ಟಿನ ಚಿಪ್ಪು ಮುರಿದು, ಬಂದವರಿಗೆಲ್ಲ ಹಾಕಿ ಕೇಳಿಸುತ್ತಿದ್ದ. ರೇಡಿಯೋದವರು ಅದನ್ನು ಇಟ್ಟುಕೊಂಡಿರಲಿಲ್ಲ. ಜಗತ್ತಿನಲ್ಲಿ ಅದೊಂದೇ ಪ್ರತಿ.

ವಿಠ್ಠಲ ದೇವರ ದರ್ಶನಕ್ಕೆ ಪಾಲಖಿ ನಡೆಯುವ ದಿನಗಳು ಬಂದವು. ನಮ್ಮ ಮಂಡಳಿ ಸಾಸವಡದವರೆಗೆ ಭಜನೆ ಮಾಡುತ್ತ ನಡೆಯುವ ಪದ್ಧತಿ. ಅದಕ್ಕೆ ಮೊದಲು ನಮ್ಮ ಹಾಡನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳೋಣ ಎಂದರು, ಟೇಪು ನೀವು ತರ್ರಿ ಎಂದು ನನಗೆ ಹೇಳಿದರು. ಖಾಲಿ ಕ್ಯಾಸೆಟ್ಟು ಸಿಗಲಿಲ್ಲ, ಕೈಗೆ ಬಂದದ್ದನ್ನು ಒಯ್ದೆ ಎಂದು ನಾನು ಇಷ್ಟು ವರ್ಷ ನನಗೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸುಳ್ಳು. ಡಬ್ಬಿಯಲ್ಲಿ ಎಷ್ಟೋ ಕ್ಯಾಸೆಟ್ಟುಗಳಿದ್ದವು. ನಾನು ಕೈಯಾಡಿಸಿ ಹುಡುಕಿ ಅದನ್ನೇ ತೆಗೆದೆ. ಕನ್ನಡಿಯ ಅಂಚಿಗೆ ನಮ್ಮಾಕೆ ಅಂಟಿಸಿಟ್ಟಿದ್ದ ದೊಡ್ಡ ಟಿಕಲಿಯನ್ನು ಕಿತ್ತು, ಮುರಿದ ಚಿಪ್ಪಿನ ಕಿಂಡಿಗೆ ಹಚ್ಚಿದೆ. ಗುಂಡಿ ಬೆಣ್ಣೆಯಂತೆ ಒಳಗೆ ಹೋಯಿತು. ಫಿಟ್ಟರನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ವಿಠ್ಠಲನ ಧ್ವನಿಯ ಮೇಲೆ ವಿಠ್ಠಲನ ಭಜನೆ ಕೂತಿತು. ತಾಳ ನನ್ನದು.

ಮಾರನೆಯ ದಿನ ವಿಠ್ಠಲ ಕ್ಯಾಸೆಟ್ಟು ಹಾಕಿದ. ಒಂದು ತಾಳದ ಪೆಟ್ಟು ಕೇಳಿದ ಕೂಡಲೇ ನಿಲ್ಲಿಸಿ, ತೆಗೆದು, ಟಿಕಲಿಯನ್ನು ನೋಡಿದ.

'ಮಾಮಾ, ಇದೇನ್ರೀ?'

ನನ್ನ ಬಾಯಿಂದ ಬಂದ ಮಾತು ಹೀಗಿತ್ತು: 'ನಿಮ್ಮ ಅಕ್ಕ ಕೊಟ್ಟಳಪಾ. ಖಾಲಿ ಅದ ಅಂದಳು.' ಟಿಕಲಿ ಯಾರದೆಂದು ಬೇರೆ ಕೇಳಬೇಕೆ?

ಅವಳು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು. ಆಮೇಲೆ, 'ಹೂಂ, ನಾನ ಕೊಟ್ಟೆ. ಲಕ್ಷ್ಯ ಇರಲಿಲ್ಲ' ಎಂದಳು.

ವಿಠ್ಠಲ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕ್ಯಾಸೆಟ್ಟನ್ನು ಮೂಲೆಗೆ ಎಸೆದು, ಆ ವಾರವೇ ಭೋಸರಿಗೆ ಹೋಗಿ ಗೆಳೆಯರ ಕೋಣೆಯಲ್ಲಿ ಉಳಿದ. ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆ ದೊಡ್ಡ ಮಾತು. ಆ ವರ್ಷ ಅವಳು ಉಂಡಿ ಕಟ್ಟಿ, ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಳು. ಇಂಡಿ ಕಡೆಯ ಗಾಡಿಯ ಹೊತ್ತು ಮೀರಿತು. ಅವಳು ಚೀಲವನ್ನು ಎತ್ತಿ ಒಳಗಿಟ್ಟು ಹಿಟ್ಟು ನಾದಲು ಕೂತಳು. ಆ ದಿನ ಚಪಾತಿ ಬಹಳ ಮೆತ್ತಗಿದ್ದವು. ಮುಂದಿನ ವರ್ಷವೂ ಅವನು ಬರಲಿಲ್ಲ. ಆಮೇಲೆ ಅವನ ಲಗ್ನ, ಬಾಣಂತನ ಎಂದು ಹೋಗಿಬರುವುದು ಶುರುವಾಯಿತೆನ್ನಿ. ಆದರೆ ಮೊದಲು 'ಏ ಅಕ್ಕಾ, ನೀ ಬಾ' ಎನ್ನುತ್ತಿದ್ದವನು ಈಗ 'ಅಕ್ಕಾ, ನೀವು ಬರ್ರಿ' ಎನ್ನತೊಡಗಿದ. ಮರ್ಯಾದೆಯೂ ಹೀಗೆ ಚುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ.

ಕಳೆದ ರವಿವಾರದ ರಾಶಿಯಲ್ಲಿ ಬಂದದ್ದು ಆ ಕ್ಯಾಸೆಟ್ಟು. ವಿಠ್ಠಲ ತಂದದ್ದಲ್ಲ. ಅದಕ್ಕೆ ನಮ್ಮಾಕೆಯ ಟ್ರಂಕಿನ ವಾಸನೆ ಇತ್ತು.

ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿದೆ. ಭಜನೆ ಬಂತು, ನನ್ನ ತಾಳ ಹಾಡಿಗಿಂತ ಅರ್ಧ ಹೆಜ್ಜೆ ಹಿಂದೆ ಓಡಿ ಬಂತು. ಭಜನೆ ನಿಂತರೂ ಟೇಪು ನಿಂತಿರಲಿಲ್ಲ. ಭೀಮಣ್ಣನ ದನಿ: 'ಕ್ಯಾಸೆಟ್ ಎಲ್ಲಿಂದ ಹೊಂದಿಸಿದ್ರಿ?' ನನ್ನ ದನಿ, ಹಿಗ್ಗಿನಿಂದ: 'ಅದಽ ಅರ್ಧ ಸುಳ್ಳು ಅರ್ಧ ನಿಜದ್ದು. ಮುಗಿಸೇ ಬಿಟ್ಟೆ. ಮನಿಯಾಕಿ ಟಿಕಲಿನ ಕಿತ್ತು ಹಚ್ಚೀನಿ ನೋಡ, ಅಕಿಗೆ ಸುದ್ದಿನೂ ಇಲ್ಲ!' ಮಂದಿ ನಕ್ಕರು. ಕಟ್ಟೆಂದು ಸದ್ದಾಯಿತು.

ನನ್ನ ತಪ್ಪೊಪ್ಪಿಗೆಯನ್ನು ನಾನೇ ರೆಕಾರ್ಡ್ ಮಾಡಿದ್ದೆ. ಅದನ್ನು ಅವಳು ಅಷ್ಟು ವರ್ಷ ನುಸಿಗುಳಿಗೆ ಹಾಕಿ ಕಾದಿಟ್ಟಿದ್ದಳು. ಕ್ಯಾಸೆಟ್ಟು ಉಳಿಸುವ ಕೆಲಸದಲ್ಲಿ ನಮ್ಮ ಮನೆಯಲ್ಲಿ ನಿಜವಾದ ನಿಪುಣೆ ಯಾರೆಂದು ಆಗ ತಿಳಿಯಿತು.

ಈಗ ನಿಮ್ಮ ಮುಂದೆ ಮುಚ್ಚಿಡುವುದೇಕೆ, ಟಿಕಲಿ ಇನ್ನೂ ಗಟ್ಟಿಯಾಗಿತ್ತು. ಎರಡು ಗುಂಡಿ ಕೂಡಿಸಿ ಒತ್ತಿದ್ದರೆ ನನ್ನ ಮಾತು ಅಳಿಯುತ್ತಿತ್ತು. ಬೆರಳು ಗುಂಡಿಯವರೆಗೆ ಹೋಯಿತು. ಅಷ್ಟರಲ್ಲಿ, ಆ ಕಟ್ಟೆಂಬ ಸದ್ದಿನ ಆಚೆ, ಅವಳ ದನಿ ಬಂತು: 'ಸಾಸವಡ ಸೀತಾಫಲ, ಒಳಗ ಭಾಳ ಬೀಜ...' ನಮ್ಮ ಭಜನೆ ಟೇಪಿನ ಕೊನೆಯವರೆಗೆ ಮುಟ್ಟಿರಲಿಲ್ಲ. ಹುಡುಗರು ಹೇಳಿದ್ದೆಲ್ಲ ಹೋಗಿತ್ತು. ನಾನು ಯಾವುದನ್ನು ಅಳಿಸಲು ಹೊರಟಿದ್ದೆನೋ ಅದೊಂದೇ ಉಳಿದಿತ್ತು. ಅವಳು ಎಳೆಯ ದನಿಯಲ್ಲಿ, ನಗು ತಡೆದುಕೊಂಡು, ನನ್ನ ಹೆಸರು ಹೇಳಿದಳು.

ನಾನು ಟಿಕಲಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದೆ. ಕನ್ನಡಿಯ ಅಂಚಿಗೆ ಅಂಟಿಸಿದೆ. ಇನ್ನು ಬ್ರಹ್ಮದೇವರು ಬಂದರೂ ಅಷ್ಟೆ, ಫಿಟ್ಟರ್ ಬಂದರೂ ಅಷ್ಟೆ.

ಸಂಜೆ ವಿಠ್ಠಲ ಬಂದಾಗ ಮೊದಲಿನಿಂದ ಕೊನೆಯವರೆಗೆ ಕೇಳಿಸಿದೆ. 'ನಂದ ತಪ್ಪಪಾ' ಎಂದೆ. ಅವನು ಕ್ಯಾಸೆಟ್ಟು ತೆಗೆದು ಖಾಲಿ ಕಿಂಡಿಯ ಮೇಲೆ ಬೆರಳಾಡಿಸಿದ. ಆಮೇಲೆ, 'ನಮ್ಮ ಅರ್ಧ ತಾಸು ಹೋತು, ಅದು ಹೋತು. ಅದರ ಬದಲಿ ನಿಮ್ಮ ಆ ತಾಳ ಉಳೀತಲ್ರೀ ಮಾಮಾ, ಅದು ಭಾಳ ಸಂಕಟ' ಎಂದ. ಅಡುಗೆಮನೆಯ ಕಡೆ ತಿರುಗಿ ಕೂಗಿದ: 'ಏ ಅಕ್ಕಾ! ನೀ ಯಾಕ ಹೇಳಲಿಲ್ಲ?'

ನೀ ಎಂದ. ಒಳಗೆ ಸೌಟಿನ ಸದ್ದು ನಿಂತಿತು.

'ಹೇಳಿದ್ರ ನೀ ಈ ಮನಿ ಹೊಸ್ತಿಲ ತುಳೀತಿದ್ದೇನು? ಅವರ ಹೇಳಲಿ ಅಂತ ಕಾದೆ. ಕಾದು ಕಾದು ಸಾಕಾಗಿ ನಾನ ರಾಶ್ಯಾಗ ಇಟ್ಟೆ.'

ಅವನು ಹೋದ ಮೇಲೆ ಚಹಾದ ನೆಪದಿಂದ ನಾನೂ ಅಡುಗೆಮನೆಗೆ ಹೊರಟೆ. ಅವಳು ಬಾಗಿಲಿಗೆ ಕೈ ಅಡ್ಡ ಹಿಡಿದಳು. ಹಣೆಯಲ್ಲಿ ಕನ್ನಡಿಯ ಟಿಕಲಿ.

'ಹೆಸರ ಹೇಳಿ ಒಳಗ ಬರ್ರಿ' ಎಂದಳು.

ನನಗೆ ಕೆಮ್ಮು ಬಂತು.

ಆ ದಿನದಿಂದ ಚಹಾ ಹೊರಗೇ ಬರುತ್ತಿದೆ, ಅದೂ ಅರ್ಧ ಕಪ್ಪು. ತಮ್ಮನ ಕ್ಷಮೆ ಕೇಳುವುದು ಸುಲಭವಾಯಿತು. ಪಂಚಮಿಯ ಚೀಲ ಕಟ್ಟಿ ಬಿಚ್ಚಿದವಳನ್ನು ಇನ್ನೂ ಕೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತ ಕೂತೆ, ಪ್ರಾಸ ಹುಡುಕಲು ವೇಳೆ ಬೇಕಿತ್ತು. ಈಗ ಎದ್ದು ಆ ಬಾಗಿಲಿಗೆ ಹೋಗುತ್ತೇನೆ. ನೀವು ಸಾಕ್ಷಿ ಇರಿ, ನಾನು ಕೆಮ್ಮಿದರೆ ನಂಬಬೇಡಿ.

ಟಿಕಲಿ ನಿಂದು, ಸುಳ್ಳು ನಂದು, ತಪ್ಪೂ ನಂದ ಪೂರಾ;
ಬಾಗಿಲ ಬಿಡ, ಕ್ಷಮಾ ಮಾಡ, ಒಳಗ ಕರೀ, ತಾರಾ.