ಬೆನ್ನಿಗೆ ಅಂಟಿಸಿದ ಕುಂಕುಮ

ಮದುವೆಯಾಗಿ ನಲ್ಲೂರಿಗೆ ಬಂದ ಮೇಲೆ ನನ್ನ ಹಣೆ ತುರಿಸಿ ಕಪ್ಪಾಗತೊಡಗಿತು. ಕುಂಕುಮ ಇಡದಿದ್ದರೆ ಅತ್ತೆ, "ನನ್ನ ಮಗ ಬದುಕಿರಾಗ ಬೋಳು ಹಣೆ ತೋರಿಸ್ತೀಯಾ?" ಎನ್ನುತ್ತಿದ್ದರು. ದಾವಣಗೆರೆಯ ಚರ್ಮದ ಡಾಕ್ಟರು ನಾನು ಹಚ್ಚಿಕೊಳ್ಳುವುದನ್ನೆಲ್ಲ ತರಿಸಿ, ಯಾವುದು ಮೈಗೆ ಒಗ್ಗುವುದಿಲ್ಲವೆಂದು ನೋಡಲು ಚೂರುಚೂರು ಪಟ್ಟಿ ಹಾಕಿ ಬೆನ್ನಿಗೆ ಅಂಟಿಸಿ, ಎರಡು ದಿನ ನೀರು ತಾಗಿಸಬೇಡಿ ಎಂದರು. ಸ್ನಾನ ಮಾಡದವಳು ಒಲೆ ಮುಟ್ಟಬಾರದೆಂದು ಅತ್ತೆ ನನ್ನನ್ನು ಪಡಸಾಲೆಯಲ್ಲೇ ಕೂರಿಸಿದರು.

ಪಟ್ಟಿ ಬಿಚ್ಚಿದಾಗ ಕುಂಕುಮವಿದ್ದ ಜಾಗ ಮಾತ್ರ ಕೆಂಪಗೆ ಊದಿತ್ತು. ನಾಚಿಕೆ ಬಿಟ್ಟು ಅತ್ತೆಗೆ ಬೆನ್ನು ತೋರಿಸಿದೆ.

"ಕುಂಕುಮದಾಗೆ ಏನು ದೋಷ ಐತೆ? ನಿನ್ನ ಮೈಯೇ ಸರಿ ಇಲ್ಲ."

ಅಂದಿನಿಂದ ನಾನು ಕುಂಕುಮ ಇಡಲಿಲ್ಲ. ಶುಕ್ರವಾರ ಮನೆಗೆ ಬಂದ ಹೆಂಗಸರಿಗೆಲ್ಲ ಅತ್ತೆ ಕುಂಕುಮ ಕೊಟ್ಟರು. ಗಂಡ ಸತ್ತವಳನ್ನು ದಾಟುವ ಹಾಗೆ ನನ್ನನ್ನು ದಾಟಿಹೋದರು. ನನ್ನ ಗಂಡ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ.