ಕುದುರೆಯ ಬಾಣಂತನ

ನನ್ನ ಸೋದರಮಾವನಿಗೆ ಎರಡು ಹುಚ್ಚು. ಒಂದು ಹೋಟೆಲು, ಇನ್ನೊಂದು ಕುದುರೆ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಅವರ ಇಡ್ಲಿ-ವಡೆಯ ಹೋಟೆಲು. ರೇಸಿನ ದಿನ ಮಾತ್ರ ಅವರು ಬಿಳಿ ಅಂಗಿ ಹಾಕಿಕೊಂಡು ಲೋಕಲ್ ರೈಲು ಹಿಡಿದು ಮುಂಬೈಗೆ ಹೋಗುತ್ತಿದ್ದರು, ಗಲ್ಲಾದಲ್ಲಿ ಅತ್ತೆ ಕೂರುತ್ತಿದ್ದರು. ಕುದುರೆಯೆಂದರೆ ಅತ್ತೆಗೆ ಸವತಿ. ನಾನಾಗ ಬೇಲಾಪುರದಲ್ಲಿ ಕೆಲಸ ಸಿಕ್ಕಿ ಉಡುಪಿಯಿಂದ ಬಂದು ಅವರ ಮನೆಯಲ್ಲೇ ಇದ್ದೆ. ಭಾನುವಾರ ರಾತ್ರಿಯ ಊಟಕ್ಕೆ ಅವರಿಬ್ಬರ ಜಗಳವೇ ಉಪ್ಪಿನಕಾಯಿ.

ಭಿವಂಡಿಯಲ್ಲಿ ಗೋದಾಮುಗಳನ್ನಿಟ್ಟಿದ್ದ ಸೇಠ್ ಒಬ್ಬರು ದಿನಾ ಬೆಳಿಗ್ಗೆ ಹೋಟೆಲಿಗೆ ಬರುತ್ತಿದ್ದರು. ಅವರಿಗೆ ರೇಸ್ ಕುದುರೆಗಳಿದ್ದವು. ಅವುಗಳಲ್ಲೊಂದು ಕಂದು ಬಣ್ಣದ ಹೆಣ್ಣು ಕುದುರೆಯನ್ನು ಮಾವ ಅದು ಓಡುತ್ತಿದ್ದ ಕಾಲದಲ್ಲಿ ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸಿದ್ದರು. ಓಡುವ ವಯಸ್ಸು ಮುಗಿದ ಮೇಲೆ ಸೇಠ್ ಅದನ್ನು ಮರಿ ಹಾಕಿಸುವ ಫಾರ್ಮಿಗೆ ಕಳಿಸಿದ್ದರು. ಅಲ್ಲಿ ವರ್ಷಕ್ಕೊಂದು ಹೆರಿಗೆ. ಈ ಸಲದ ಮರಿ ಸತ್ತೇ ಹುಟ್ಟಿತು, ಕುದುರೆ ಮೇವು ಬಿಟ್ಟು ಬಡಕಲಾಯಿತು. ಸೇಠ್ ಇದನ್ನು ವಡೆ ಮುರಿಯುತ್ತಾ ಹೇಳಿದರಂತೆ. ಮಾವನಿಗೆ ತಡೆಯಲಾಗಲಿಲ್ಲ. ಎರಡನೇ ಹೋಟೆಲು ಕಟ್ಟಲೆಂದು ಘೋಡಬಂದರ್ ರಸ್ತೆಯಲ್ಲಿ ತೆಗೆದುಕೊಂಡ ಜಾಗ ಪರ್ಮಿಷನ್ ಸಿಗದೆ ಖಾಲಿ ಬಿದ್ದಿತ್ತು. "ನನ್ನಲ್ಲಿ ಬಿಡಿ, ನಾನು ಸುಧಾರಿಸ್ತೇನೆ" ಎಂದುಬಿಟ್ಟರು. ಸೇಠ್ ಒಪ್ಪಿದರು. ಚೇತರಿಸಿಕೊಂಡರೆ ಪುನಃ ಫಾರ್ಮಿಗೆ, ಪುನಃ ಬಸಿರು. ಮಾತು ಆಗಿದ್ದು ಹಾಗೆ. ಕುದುರೆ ಬರುತ್ತದೆಂಬ ಖುಷಿಯಲ್ಲಿ ಮಾವನ ಕಿವಿಗೆ ಅರ್ಧ ಮಾತು ಮಾತ್ರ ಬಿದ್ದಿತ್ತು.

ಲಾರಿಯಿಂದ ಅದು ಇಳಿದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇದೆಂತ ಮಾರಾಯ್ರೆ, ಕುದುರೆಯಾ ಏಣಿಯಾ? ಎಲುಬು ಎಣಿಸ್ಬಹುದು!"

ಮರಿ ಸತ್ತ ಕತೆಯನ್ನು ಮಾವ ತಲೆ ತಗ್ಗಿಸಿ ಹೇಳಿದರು. ಅತ್ತೆಯ ಮುಖ ಅಲ್ಲೇ ಬದಲಾಯಿತು.

"ಮತ್ತೆ ಬಾಣಂತಿ ಅಂತ ಮೊದಲೇ ಹೇಳ್ಳಿಕ್ಕೆ ಎಂತ ಆಗಿತ್ತು ನಿಮ್ಗೆ?"

"ಮರಿ ಇಲ್ಲ ಅಲ್ವಾ" ಎಂದರು ಮಾವ.

"ಮರಿ ಇಲ್ಲದಿದ್ರೆ ಎಂತ? ಹೆತ್ತ ಮೈ ಹೆತ್ತದ್ದೇ ಅಲ್ವಾ?"

ಮರುದಿನದಿಂದ ಬಾಣಂತನ ಶುರುವಾಯಿತು. ಹೋಟೆಲಿನ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೆಂದಿತು. ಮೆಂತೆ, ಓಮ, ಬೆಲ್ಲ ಎಲ್ಲ ಘೋಡಬಂದರ್ ರಸ್ತೆಗೆ ರಿಕ್ಷಾ ಹತ್ತಿದವು. ಕಲ್ಯಾಣದಿಂದ ಬಂದ ದನದ ಡಾಕ್ಟರು ಹುರುಳಿ, ಮೆಂತೆ ಆಗಬಹುದು, ಬೆಲ್ಲ ಸ್ವಲ್ಪ ಸಾಕು ಎಂದರು. ಅತ್ತೆ ಅವರ ಎದುರು ತಲೆಯಾಡಿಸಿ, ಅವರು ಹೋದ ಮೇಲೆ "ಗಂಡಸ್ರಿಗೆ ಬಾಣಂತನ ಎಂತ ಗೊತ್ತುಂಟು?" ಎಂದರು. ಆದರೂ ಬೆಲ್ಲ ಕಡಿಮೆ ಮಾಡಿದರು. ಬೈದರೂ ಡಾಕ್ಟರ ಮಾತು ಮೀರುವ ಹೆಂಗಸಲ್ಲ.

ಎಣ್ಣೆಸ್ನಾನದ ದಿನವನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ತೆಂಗಿನೆಣ್ಣೆ ಬಿಸಿ ಮಾಡಿ, ಸ್ಟೂಲಿನ ಮೇಲೆ ನಿಂತು, ಅತ್ತೆ ಕುತ್ತಿಗೆಯಿಂದ ಬಾಲದವರೆಗೆ ತಿಕ್ಕಿದರು. ಕುದುರೆ ಕಣ್ಣು ಮುಚ್ಚಿ ನಿಂತಿತ್ತು. ಬಿಸಿನೀರು ತರಲು ನಾವು ಬೆನ್ನು ತಿರುಗಿಸಿದ್ದೇ ತಡ, ಧೊಪ್ಪನೆ ಬಿದ್ದು ಕೆಂಪು ಮಣ್ಣಿನಲ್ಲಿ ಹೊರಳಾಡಿತು. ಎದ್ದು ನಿಂತಾಗ ಹಿಟ್ಟಿನಲ್ಲಿ ಅದ್ದಿದ ಬಜ್ಜಿಯ ಹಾಗಿತ್ತು.

"ಕತ್ತೆ! ಕತ್ತೆ!" ಎಂದು ಅತ್ತೆ ಬಾಯಿಗೆ ಬಂದ ಹಾಗೆ ಬೈದರು. ಅಪ್ಪ, ಅಜ್ಜ, ಮುತ್ತಜ್ಜರ ಲೆಕ್ಕವಿರುವ ಜಾತಿ ಕುದುರೆಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನಿಲ್ಲ. ಅದು ಮಾತ್ರ ಬಂದು ಅತ್ತೆಯ ಸೆರಗಿನ ಗಂಟಿನಲ್ಲಿದ್ದ ಬೆಲ್ಲವನ್ನು ಮೂಗಿನಿಂದ ತಡಕಿತು. ಬೈಗುಳ ಅಲ್ಲಿಗೆ ನಿಂತಿತು. ಆಮೇಲೆ ಕುದುರೆಗೂ ಅತ್ತೆಗೂ ಒಟ್ಟಿಗೇ ಸ್ನಾನವಾಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಕುದುರೆ ತುಂಬಿಕೊಂಡಿತು, ಮೈ ಮಿರುಗತೊಡಗಿತು. ಬೆಳಿಗ್ಗೆ ಬೇಲಿಯುದ್ದಕ್ಕೂ ಸುಮ್ಮನೆ ಖುಷಿಗೆ ಓಡುತ್ತಿತ್ತು. ಯಾರೂ ಹೊಡೆಯದೆ ಓಡುವ ಕುದುರೆಯನ್ನು ಅಷ್ಟು ಹತ್ತಿರದಿಂದ ಇದೇ ಮೊದಲು ನೋಡುತ್ತಿರುವುದು ಎಂದು ಮಾವ ಹೇಳಿದರು. ಅಷ್ಟು ವರ್ಷ ರೇಸಿಗೆ ಹೋದ ಮನುಷ್ಯ! ಆ ಖುಷಿಯಲ್ಲೇ ಅವರು ಸೇಠ್‌ಗೆ ಸುದ್ದಿ ಹೇಳಿಬಿಟ್ಟರು. ಹಾಗಾದರೆ ಪುನಃ ಫಾರ್ಮಿಗೆ ಎಂದರಂತೆ ಸೇಠ್. ಆಗಲೇ ನಮಗೆಲ್ಲ ಹೊಳೆದದ್ದು. ನಾವು ಕಷ್ಟಪಟ್ಟು ಸಾಕಿದಷ್ಟೂ ಅದನ್ನು ಬೇಗ ಕಳೆದುಕೊಳ್ಳುತ್ತಿದ್ದೆವು.

ಸೇಠ್ ಬಂದದ್ದು ಲಾರಿಯ ಜೊತೆಗೇ.

"ವಾಹ್ ಭಾಭೀಜಿ, ಕಮಾಲ್ ಕರ್ ದಿಯಾ! ಪವಾಡವನ್ನೇ ಮಾಡಿದಿರಿ! ಇವತ್ತೇ ಫಾರ್ಮಿಗೆ ಕಳಿಸ್ತೇನೆ" ಎಂದರು ಹಿಂದಿಯಲ್ಲಿ.

ಮಾವ ಬೇಲಿಯ ಕಡೆ ಮುಖ ತಿರುಗಿಸಿದರು. ದಿನಾ ಬರುವ ಗಿರಾಕಿ, ಮೇಲಾಗಿ ಸ್ನೇಹಿತ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಮುಂದೆ ಬಂದರು. ಅವರ ಹಿಂದಿಯಲ್ಲಿ ಅರ್ಧ ಕನ್ನಡ, ಕಾಲು ಮರಾಠಿ. ಆ ದಿನ ಮಾತ್ರ ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲ.

"ಸೇಠ್‌ಜೀ, ನಿಮ್ಮಲ್ಲಿ ಹೆಣ್ಮಕ್ಳು ಬಾಣಂತನಕ್ಕೆ ಎಲ್ಲಿಗೆ ಹೋಗ್ತಾರೆ?"

"ಮಾಯ್ಕೆ" ಎಂದರು ಸೇಠ್. ತವರಿಗೆ ಎಂದರ್ಥ.

"ಹಾಗಾದ್ರೆ ಬಾಣಂತನ ಮಾಡಿದ ನಾನು ಇದ್ರ ತವರು. ಯಾವಾಗ ಕಳಿಸುದು ಅಂತ ತವರಿನವ್ರು ಹೇಳ್ಬೇಕು. ಗಂಡನ ಮನೆಯವ್ರು ಲಾರಿ ತಕ್ಕೊಂಡು ಬರುದಲ್ಲ."

ಸೇಠ್ ನಕ್ಕರು. "ಕುದುರೆ ಭಾಭೀಜಿ ಇದು."

"ಕುದುರೆಯೇ. ಓಡಿದ್ದು ನಿಮ್ಮ ಹೆಸ್ರಿಗೆ, ಹೆತ್ತದ್ದು ನಿಮ್ಮ ಹೆಸ್ರಿಗೆ. ಇನ್ನು ಇರುವಷ್ಟು ದಿನ ಅದ್ರ ಹೆಸ್ರಿಗೆ ಇರ್ಲಿ."

ಆಗ ಮಾವನಿಗೂ ನಾಲಿಗೆ ಬಂತು. "ಓಡಿ ಮುಗಿದ ಕುದುರೆಗೆ ಹೀಗೆ ಮಾಡುವವರ ಕುದುರೆಗೆ ನಾನು ಇನ್ನು ದುಡ್ಡು ಕಟ್ಟುದಿಲ್ಲ ಸೇಠ್" ಎಂದರು. ಆ ಮನುಷ್ಯನ ಬಾಯಲ್ಲಿ ಅದು ಸನ್ಯಾಸಕ್ಕೆ ಸಮ.

ಸೇಠ್ ಬೇಲಿಯ ಬಳಿ ಹೋಗಿ ಕುದುರೆಯನ್ನು ಬಹಳ ಹೊತ್ತು ನೋಡಿದರು. ಹೆಸರು ಹಿಡಿದು ಕರೆದರು. ಅದು ತಲೆಯೆತ್ತಿತು, ಆದರೆ ಬರಲಿಲ್ಲ. ಆಮೇಲೆ ಅವರು ಡ್ರೈವರನ ಕಡೆ ಕೈಬೀಸಿದರು. ಲಾರಿ ಖಾಲಿಯಾಗಿಯೇ ಭಿವಂಡಿಯ ದಾರಿ ಹಿಡಿಯಿತು. ಅತ್ತೆ ಅಷ್ಟು ಹೊತ್ತು ಗಟ್ಟಿಯಾಗಿದ್ದವರು ಕುದುರೆಯ ಕುತ್ತಿಗೆ ತಬ್ಬಿ ಜೋರಾಗಿ ಅತ್ತರು. ನನಗೂ ಅಳು ಬಂತು, ನಗು ಬಂತು, ಮಾವನ ಬೆನ್ನಿಗೆ ಗುದ್ದಿದೆ. ಅಷ್ಟು ಸಂತೋಷ ನನಗೆ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ.

ಅಂದಿನಿಂದ ಮಾವ ರೇಸಿಗೆ ಹೋದರೂ ದುಡ್ಡು ಕಟ್ಟುವ ಮೊದಲು ಅಲ್ಲಿ ಸಿಕ್ಕ ಮಾಲೀಕರನ್ನೆಲ್ಲ ಒಂದೇ ಪ್ರಶ್ನೆ ಕೇಳತೊಡಗಿದರು: "ಹೋದ ವರ್ಷ ಓಡಿದ್ದು ಈಗ ಎಲ್ಲುಂಟು?" ಕೆಲವರು ಅವರನ್ನು ಕಂಡರೆ ದಾರಿ ಬದಲಿಸಿದರು. ಒಬ್ಬಿಬ್ಬರು ಮಾತ್ರ ಹೆತ್ತ ಕುದುರೆಗೆ ಒಂದು ವರ್ಷ ಬಿಡುವು ಕೊಡಲು ಒಪ್ಪಿದರು.

ಮುಂದಿನ ಬೇಸಿಗೆಯಲ್ಲಿ ಹೋಟೆಲಿನ ಫೋನು ಬಡಿಯಿತು. ಸೇಠ್ ಕೇಳಿದ್ದು ಅತ್ತೆಯನ್ನು. ಇನ್ನೊಂದು ಕುದುರೆಗೆ ಹೆರಿಗೆಯಾಗಿದೆ, ಮರಿ ಚೆನ್ನಾಗಿದೆ, ತಾಯಿ ಸೋತಿದೆ, ಜಾಗ ಇದೆಯೇ ಎಂದರು.

"ಇಬ್ರನ್ನೂ ಕರ್ಕೊಂಡು ಬನ್ನಿ" ಎಂದರು ಅತ್ತೆ. "ಆದ್ರೆ ಕಳಿಸುವ ಮಾತು ಈಗ್ಲೇ ಬೇಡ."