ಗಂಗಕ್ಕ ಕಂಡ ಸಿಂಗಳೀಕ

ಕೊರೊನಾ ಕಳೆದು ಶಾಲೆ ತೆರೆದ ಮರುವರ್ಷ ನಾನು ಚಿಗಟೇರಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಸಹಾಯಕಿಯಾಗಿದ್ದೆ. ಮಕ್ಕಳೇ, ನಿಮ್ಮಜ್ಜ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಮುಖ್ಯ ಅಡುಗೆಯವಳು ಗಂಗಕ್ಕ, ಮಾತಿನ ಮಲ್ಲಿ. ಮಕ್ಕಳು, ಮಾಸ್ತರರು ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ನಾನು ಒಲೆಯ ಹಿಂದೆ ಇರುತ್ತಿದ್ದೆ.

ಆ ವರ್ಷ ಏಳನೇ ತರಗತಿಯವರನ್ನು ಎರಡು ದಿನ ಕುದುರೆಮುಖದ ಕಾಡಿಗೆ ನಡಿಗೆಗೆ ಕರೆದೊಯ್ದರು. ಅಡುಗೆಗೆ ನಾವಿಬ್ಬರು. ಅಲ್ಲಿ ಸಿಂಗಳೀಕವೆಂಬ ಕಪ್ಪು ಕೋತಿ ಇದೆ, ಅದರ ಮುಖದ ಸುತ್ತ ಬೂದುಬಿಳಿ ಕೂದಲು ಎಂದು ಮಾಸ್ತರರು ಪಾಠ ಮಾಡುವಾಗ, ಕಿಟಕಿಯಾಚೆ ಅಕ್ಕಿ ಆರಿಸುತ್ತ ಕೇಳಿದ್ದೆ. ಅದನ್ನು ಕಣ್ಣಾರೆ ನೋಡುವ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಮೊದಲ ದಿನ ಹುಡುಗಿಯರ ಜೊತೆ ಒಬ್ಬ ಹೆಂಗಸು ಬೇಕೆಂದಾಗ ಗಂಗಕ್ಕ ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ನಾನು ಬಿಡಾರದಲ್ಲಿ ಸಾರು ಕುದಿಸಿದೆ. ಸಂಜೆ ಬಂದವಳ ಬಾಯಿ ನಿಲ್ಲಲಿಲ್ಲ.

"ಅದರ ಮಾರಿ ನೋಡಬೇಕಿತ್ತಲೇ ಶಾರದಾ! ಬಿಳಿ ಗಡ್ಡ, ಥೇಟ್ ನಮ್ಮ ಹೆಡ್ ಮಾಸ್ತರ್ರಂಗ!"

ಎಲ್ಲರೂ ನಕ್ಕರು. ನನ್ನ ಹೊಟ್ಟೆ ಉರಿಯಿತು. ಅವಳ ಕಾಲಿಗೆ ಇಂಬಳವೆಂಬ ಕಾಡುಜಿಗಣೆ ಕಚ್ಚಿ ರಕ್ತ ಸುರಿಯುತ್ತಿತ್ತು. ಅದನ್ನು ಕಂಡೂ ಅಸೂಯೆಪಟ್ಟೆ.

ಎರಡನೇ ದಿನದ ಊಟಕ್ಕೆ ಗಂಗಕ್ಕ ಊರಿಂದ ಖಡಕ್ ರೊಟ್ಟಿ ತಂದಿದ್ದಳು. ನಮ್ಮ ಬಿಸಿಲುನಾಡಿನ ರೂಢಿಯಂತೆ ಬರೀ ಬಟ್ಟೆಯಲ್ಲಿ ಕಟ್ಟಿದ್ದಳು. "ತಿಂಗಳಿಟ್ರೂ ಏನೂ ಆಗಂಗಿಲ್ಲ" ಎಂದಿದ್ದಳು. ಬೆಳಗ್ಗೆ ಗಂಟು ಬಿಚ್ಚಿದರೆ ಮಂಜು ಕುಡಿದು ಎಲ್ಲ ಮೆತ್ತಗಾಗಿದ್ದವು.

"ಗಂಗಕ್ಕಾರ, ಇವುನ್ನ ತಗೊಂಡು ಚಪ್ಪಲಿ ಹೊಲಿಬೌದು ನೋಡ್ರಿ" ಎಂದಳು ಒಬ್ಬ ಹುಡುಗಿ.

ಹೆಡ್ ಮಾಸ್ತರರು, "ಒಬ್ರು ಉಳಿದು ಹಂಚಿನ ಮ್ಯಾಲೆ ಕಾಸ್ರಿ. ಶಾರದಮ್ಮಾರು ಅದಾರಲ್ಲ" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಗಂಗಕ್ಕ ಆಗಲೇ ಸೆರಗು ಸಿಕ್ಕಿಸುತ್ತಿದ್ದಳು.

"ರೊಟ್ಟಿ ಗಂಗಕ್ಕನವು ಸರ್. ಇವತ್ತು ನಡಿಯಾಕ ನಾ ಬರ್ತೀನ್ರಿ" ಎಂದೆ ನಾನು.

"ಅಯ್ಯ, ಇಕಿಗೂ ಬಾಯಿ ಐತಿ!" ಎಂದು ಗಂಗಕ್ಕ ಹಂಚನ್ನು ಒಲೆಗೆ ಕುಕ್ಕಿದಳು.

ಹಗಲಲ್ಲೂ ಮಬ್ಬುಗತ್ತಲೆಯ ಕಾಡು. ಬಹಳ ಹೊತ್ತು ಏನೂ ಕಾಣಲಿಲ್ಲ. ಗುಡ್ಡ ಇಳಿಯುವಾಗ ಜೊತೆಗಿದ್ದ ಅರಣ್ಯ ಇಲಾಖೆಯ ಗಾರ್ಡ್ ಕೈಯೆತ್ತಿ ನಿಲ್ಲಿಸಿದರು. ಎತ್ತರದ ಕೊಂಬೆಯಲ್ಲಿ ಸಿಂಗಳೀಕ ಕೂತಿತ್ತು. ಅದರ ಹೊಟ್ಟೆಗೆ ಮರಿಯೊಂದು ಅಂಟಿಕೊಂಡಿತ್ತು.

"ಕಂಡ್ತೇನಲೇ?" ಎಂದಳು ಗಂಗಕ್ಕ, ನಾವು ಬಿಡಾರಕ್ಕೆ ಮರಳಿದಾಗ, ಒಲೆಯಿಂದ ಮುಖ ಎತ್ತದೆ.

"ಮರಿ ಸಮೇತ ಕಂಡ್ತಕ್ಕ."

ಅವಳು ನನ್ನ ತಟ್ಟೆಗೆ ಹುಡುಕಿ ಹುಡುಕಿ ಸೀದ ರೊಟ್ಟಿ ಹಾಕಿದಳು. ಕರಕರ ಎಂದು ಪೂರಾ ತಿಂದೆ.

ಮಕ್ಕಳೇ, ಇನ್ನೊಬ್ಬರನ್ನು ಕಂಡು ಹೊಟ್ಟೆ ಉರಿದರೆ ನಾಚಬೇಡಿ. ನಿಮಗೆ ಏನು ಬೇಕೆಂದು ಆ ಉರಿಯೇ ಹೇಳುತ್ತಿರುತ್ತದೆ. ಬಾಯಿಬಿಟ್ಟು ಕೇಳಿ. ಸೀದ ರೊಟ್ಟಿ ತಿನ್ನುವುದಕ್ಕೂ ಸಿದ್ಧರಿರಿ.